ಉಳಿದ ಫ್ರೇಮುಗಳು

(ತಿಪಟೂರಿನ ಒಂದು ಮನೆ, ಭಾನುವಾರದ ಮಧ್ಯಾಹ್ನ. ಮಾವ ಪೇಟೆಯಲ್ಲಿ ಬಹುಕಾಲ ಫೋಟೊ ಸ್ಟುಡಿಯೊ ನಡೆಸಿ ಈಗ ಬಾಗಿಲು ಹಾಕಿದವರು. ಸೊಸೆಗೆ ಬೆಂಗಳೂರಿನಲ್ಲಿ ಕೆಲಸ. ಗಂಡ, ಮಗುವಿನೊಂದಿಗೆ ರಜೆಗೆ ಬಂದಿದ್ದಾಳೆ.)

ಸೊಸೆ: ಮಾವ, ನಿಮ್ಮನ್ನ ಒಂದು ಕೇಳಬೇಕು. ನನ್ನ ಫೋನು ತುಂಬಿಹೋಗಿದೆ, ಇನ್ನೊಂದು ಫೋಟೊಗೂ ಜಾಗ ಇಲ್ಲ. ಹಬ್ಬ, ಮದುವೆ, ಪ್ರವಾಸದ್ದು ಇಟ್ಕೊಂಡು ಮಿಕ್ಕಿದ್ದೆಲ್ಲ ಅಳಿಸಿಬಿಡೋಣ ಅಂತ ಕೂತಿದೀನಿ.

ಮಾವ: ಮಿಕ್ಕಿದ್ದು ಅಂದ್ರೆ ಯಾವುದಮ್ಮ?

ಸೊಸೆ: ಸುಮ್ಮನೆ ತೆಗೆದಿದ್ದು. ಅತ್ತೆ ಹಿತ್ತಲಲ್ಲಿ ಅವರೆಕಾಯಿ ಸುಲೀತಿರೋದು, ಇವರು ಸೋಫಾ ಮೇಲೆ ಬಾಯಿ ತೆಕ್ಕೊಂಡು ನಿದ್ದೆ ಮಾಡ್ತಿರೋದು, ಮಗು ಚಪ್ಪಲಿ ಅದಲುಬದಲು ಹಾಕ್ಕೊಂಡಿರೋದು, ನೀವು ಕನ್ನಡಕ ಹಣೆಗೆ ಏರಿಸಿ ಪೇಪರ್ ಓದ್ತಿರೋದು. ಒಂದರಲ್ಲೂ ಯಾರೂ ಕ್ಯಾಮೆರಾ ಕಡೆ ನೋಡ್ತಿಲ್ಲ.

ಮಾವ: ಹಾಗಾದ್ರೆ ನೀನು ಅಂದ್ಕೊಂಡಿದ್ದನ್ನ ತಿರುವುಮುರುವು ಮಾಡು. ಆ ಮಿಕ್ಕಿದ್ದನ್ನ ಇಟ್ಕೋ. ಮದುವೆ, ಪ್ರವಾಸದ್ದರಲ್ಲಿ ಒಂದೊಂದು ಉಳಿಸಿ ಬಾಕಿಯದನ್ನ ಅಳಿಸು.

ಸೊಸೆ: ಮದುವೆ ಫೋಟೊ ತೆಗೆದೇ ಸಂಸಾರ ನಡೆಸಿದವರು ಆಡೋ ಮಾತಾ ಇದು?

ಮಾವ: ತೆಗೆದೂ ತೆಗೆದೂ ಗೊತ್ತಾಗಿದ್ದಕ್ಕೇ ಹೇಳ್ತಿರೋದು. ವರಪೂಜೆ, ಧಾರೆ, ಮಾಂಗಲ್ಯ, ಸಪ್ತಪದಿ, ಆಮೇಲೆ ಆರತಕ್ಷತೆಗೆ ಸಾಲುಗಟ್ಟಿದವರು. ಕೈಲಿ ಕವರ್ ಹಿಡ್ಕೊಂಡು ಬರ್ತಾರೆ, ನಿಲ್ತಾರೆ, ಫ್ಲ್ಯಾಷ್ ಬೀಳುತ್ತೆ, ಊಟಕ್ಕೆ ಹೋಗ್ತಾರೆ. ಹಳೇ ಆಲ್ಬಮ್ಮಿನಲ್ಲಿ ಮುಖ ಮುಚ್ಚಿ ತೋರಿಸು, ಯಾರ ಮದುವೆ ಅಂತ ತೆಗೆದ ನಾನೇ ಹೇಳಲಾರೆ. ಒಬ್ಬಟ್ಟು ಎಲ್ಲರ ಮನೇಲೂ ಹೆಚ್ಚುಕಮ್ಮಿ ಒಂದೇ ರುಚಿ. ಸಾರು ಮಾತ್ರ ಮನೆಮನೆಗೂ ಬೇರೆ. ದಿನನಿತ್ಯದ ಫೋಟೊ ಸಾರಿನ ಜಾತಿಗೆ ಸೇರಿದ್ದು.

ಸೊಸೆ: ಹಾಗಂತ ಜನ ದಡ್ಡರೇನಲ್ಲವಲ್ಲ. ಶುಭಕಾರ್ಯಕ್ಕೇ ಫೋಟೊ ತೆಗೆಸ್ತಾರೆ ಅಂದ್ರೆ ಅದು ದೊಡ್ಡ ದಿನ ಅಂತ ತಾನೇ?

ಮಾವ: ಅದು ಅರ್ಧ ಕಾರಣ. ಮಿಕ್ಕರ್ಧ ದುಡ್ಡು. ನಾನು ಕೆಲಸ ಕಲಿಯೋವಾಗ ಕೈಗೆ ಸಿಕ್ಕಿದ್ದು ಬರೋಡಾದಲ್ಲಿ ತಯಾರಾಗ್ತಿದ್ದ ಅಗ್ಫಾ ಕ್ಲಿಕ್ ತ್ರೀ. 120ರ ರೋಲು ಹಾಕಿದ್ರೆ 12 ಫೋಟೊ, ಅಷ್ಟೇ. ಊಟಿಯ ಹಿಂದೂಸ್ತಾನ್ ಫೋಟೊ ಫಿಲಮ್ಸ್‌ನವರ ‘ಇಂದು’ ಫಿಲ್ಮು ನಮ್ಮಂಥ ಸಣ್ಣ ಊರಿನವರಿಗೆ ದೊಡ್ಡ ಆಸರೆ. ಆದ್ರೂ ಫಿಲ್ಮಿಗೆ ದುಡ್ಡು, ತೊಳೆಯೋಕೆ ದುಡ್ಡು, ಪ್ರಿಂಟಿಗೆ ದುಡ್ಡು. ಅವರೆಕಾಯಿ ಸುಲಿಯೋರ ಮೇಲೆ ಯಾರು ಒಂದು ಫ್ರೇಮ್ ಖರ್ಚು ಮಾಡ್ತಾರೆ? ಅದಕ್ಕೇ ಮನೆಮಂದಿಯೆಲ್ಲ ಎಣ್ಣೆ ಸ್ನಾನ ಮಾಡಿ, ರೇಷ್ಮೆ ಉಟ್ಟು, ಪೌಡರ್ ಹಚ್ಕೊಂಡು ಸ್ಟುಡಿಯೊಗೆ ಬರೋರು. ಹಿಂದೆ ತಾಜ್‌ಮಹಲ್ ಬರೆದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಕೈಗೆ ಎಲ್ಲಿಗೂ ಸೇರದ ಟೆಲಿಫೋನ್ ರಿಸೀವರು. ಉಸಿರು ಬಿಗಿಹಿಡಿದು ಕೂರೋರು. ‘ಉಸಿರು ಬಿಡಿ ಯಜಮಾನ್ರೇ’ ಅಂತ ನಾನೇ ಹೇಳಬೇಕಾಗ್ತಿತ್ತು. ಈಗ ದುಡ್ಡಿನ ಕಾರಣ ಹೋಯ್ತು, ಅಭ್ಯಾಸ ಹೋಗಿಲ್ಲ.

ಸೊಸೆ: ಹಾಗೆ ಬಿಗಿದುಕೊಂಡು ಕೂರೋದು ಫೋಟೊ ಜೊತೆಗೇ ಹುಟ್ಟಿದ್ದಾ?

ಮಾವ: ಜೊತೆಗೇ. ಮೊದಮೊದಲಿನ ಪ್ಲೇಟಿಗೆ ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು. ಅಲ್ಲಾಡಿದ್ರೆ ಮುಖ ಕದಡಿಹೋಗೋದು. ಅದಕ್ಕೆ ತಲೆ ಹಿಂದೆ ಕಬ್ಬಿಣದ ಕವೆ ಕೊಟ್ಟು ನಿಲ್ಲಿಸ್ತಿದ್ರು. ಆದ್ರೆ ಒಂದು ವಿಚಿತ್ರ ಕೇಳು. 1838ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್ ಅನ್ನೋವನು ಎತ್ತರದ ಕಿಟಕಿಯಿಂದ ಒಂದು ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ಓಡಾಡೋ ಬೀದಿ. ಚಲಿಸ್ತಿದ್ದವರು ಯಾರೂ ಪ್ಲೇಟಿನಲ್ಲಿ ಮೂಡಲೇ ಇಲ್ಲ, ಬೀದಿ ಬರಿದೋ ಬರಿದು. ಮೂಲೆಯಲ್ಲಿ ಒಂದು ಕಾಲೆತ್ತಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ತಾ ನಿಂತಿದ್ದ ಒಬ್ಬ ಮಾತ್ರ ಉಳಿದ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಅವನೇ ಅಂತಾರೆ. ರಾಜ ಅಲ್ಲ, ಮದುಮಗ ಅಲ್ಲ. ಬೂಟು ಒರೆಸಿಕೊಳ್ತಿದ್ದ ದಾರಿಹೋಕ.

ಸೊಸೆ: ದುಡ್ಡಿನ ಲೆಕ್ಕ ಅಷ್ಟು ಬಿಗಿಯಿದ್ದ ಕಾಲದಲ್ಲಿ ನಿಮ್ಮ ಆಲ್ಬಮ್ಮಿಗೆ ಅತ್ತೆ ರುಬ್ಬೋ ಕಲ್ಲಿನ ಮುಂದೆ ಕೂತಿರೋ ಫೋಟೊ ಹೇಗೆ ಬಂತು ಮತ್ತೆ?

ಮಾವ: ಅದು ಉಳಿದ ಫ್ರೇಮು. ಕಾರ್ಯ ಮುಗಿದ ಮೇಲೆ ರೋಲಿನಲ್ಲಿ ಒಂದೋ ಎರಡೋ ಉಳೀತಿತ್ತು. ಇನ್ನೊಂದು ಕೆಲಸಕ್ಕೆ ಸಾಲದು, ಹಾಗೇ ತೊಳೆಯೋಕೆ ಮನಸ್ಸು ಬಾರದು, ಗಿರಾಕಿ ಕಾಯೋ ಹಾಗಿಲ್ಲ. ಮನೆಗೆ ಬಂದು ಎದುರಿಗೆ ಯಾರು ಸಿಕ್ಕಿದ್ರೋ ಅವರ ಮೇಲೆ ಒತ್ತಿ ರೋಲ್ ಮುಗಿಸೋದು. 35 ಎಂಎಂ ಬಂದಮೇಲೆ 36ರ ರೋಲನ್ನ ಜಾಗ್ರತೆಯಿಂದ ಹಾಕಿದ್ರೆ 37, 38 ಬರೋದು. ಆ ಹೆಚ್ಚಿನದು ಮನೆಯವರ ಪಾಲು. ನಮ್ಮ ಕಸುಬಿನವರ ಮನೇಲಿ ಹೆಂಡತಿ ಮಕ್ಕಳ ಸಹಜ ಫೋಟೊ ಸಿಕ್ಕಿದ್ರೆ ಎಷ್ಟೋ ಸಲ ಹೀಗೆ ಬಂದಿದ್ದೇ.

ಸೊಸೆ: ಇರಿ, ತರ್ತೀನಿ. ಇಲ್ಲಿದೆ. ಒಂದು ಕಾಲು ಮಡಿಸಿ ಇನ್ನೊಂದು ಚಾಚಿ ಕೂತಿದಾರೆ. ಬಲಗೈ ಗುಂಡು ತಿರುಗಿಸ್ತಿದೆ, ಎಡಗೈ ಹಿಟ್ಟು ತಳ್ತಿದೆ. ಕೂದಲು ಕಣ್ಣಿಗೆ ಬಿದ್ದಿದೆ. ಸರಿಸೋಕೆ ಎರಡು ಕೈಯೂ ಬಿಡುವಿಲ್ಲ, ಬಾಯಿ ಓರೆಮಾಡಿ ಊದ್ತಿದಾರೆ. ಇವರು ಹಿಂದೆ ಸೆರಗು ಹಿಡ್ಕೊಂಡು ನಿಂತಿದಾರೆ, ಚಡ್ಡಿಯ ಒಂದು ಗುಂಡಿ ಹೋಗಿದೆ. ಮಾವ, ನಾನು ಈ ಮನೆಗೆ ಬರೋ ಹೊತ್ತಿಗೆ ಅತ್ತೆ ಮಂಡಿನೋವಿಂದ ನೆಲಕ್ಕೆ ಕೂರೋದನ್ನೇ ಬಿಟ್ಟಿದ್ರು. ಹೀಗೆ ಕೂರ್ತಿದ್ರು ಅಂತ ನನಗೆ ಗೊತ್ತಾಗಿದ್ದು ಇದರಿಂದ.

ಮಾವ: ಅವಳ ಹಿಂದೆ ನೋಡು.

ಸೊಸೆ: ಸುಣ್ಣದ ಗೋಡೆ. ಗೂಡಿನಲ್ಲಿ ಸೀಮೆಎಣ್ಣೆ ಬುಡ್ಡಿ. ಹಾಲಿನ ಲೆಕ್ಕ ಗೀಚಿದ ಕ್ಯಾಲೆಂಡರು. ಏಣಿಯ ಕೆಳಗಿನ ಎರಡು ಮೆಟ್ಟಿಲು.

ಮಾವ: ಆ ಏಣಿ ಅಟ್ಟಕ್ಕೆ ಹೋಗ್ತಿತ್ತು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಕೂತು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗೋದು. ಈಗ ಅಟ್ಟ ಇಲ್ಲ, ಏಣಿ ಇಲ್ಲ, ಗೂಡು ಮುಚ್ಚಿ ಗೋಡೆಗೆ ಟೈಲ್ಸ್ ಬಂತು. ಗೂಡಿನ ಫೋಟೊ ತೆಗೀಬೇಕು, ಏಣಿ ಫೋಟೊ ತೆಗೀಬೇಕು ಅಂತ ಯಾರಿಗೂ ಹೊಳೆಯಲ್ಲ. ಅವಳನ್ನ ತೆಗೆದಾಗ ಅವು ತಾವಾಗೇ ಬಂದವು. ಇದೇ ಸ್ಟುಡಿಯೊದಲ್ಲಿ ತೆಗೆದಿದ್ರೆ ಹಿಂದೆ ತಾಜ್‌ಮಹಲ್ ಇರ್ತಿತ್ತು.

ಸೊಸೆ: ಇಷ್ಟು ಒಪ್ಪಿದೆ. ಆದ್ರೂ ನನಗೊಂದು ಅನುಮಾನ ಇದೆ. ನಿಮಗೆ ಉಳೀತಿದ್ದದ್ದು ಒಂದೆರಡು ಫ್ರೇಮು, ನಮಗೆ ಮಿತಿಯೇ ಇಲ್ಲ. ಮಗು ಹೆಜ್ಜೆ ಇಡೋವಾಗ ಮಗೂನ ಬಿಟ್ಟು ಸ್ಕ್ರೀನ್ ನೋಡೋ ಅಪ್ಪ ಅಮ್ಮಂದಿರು ಎಲ್ಲೆಲ್ಲೂ ಇದಾರೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಅನ್ನೋ ಮನಃಶಾಸ್ತ್ರಜ್ಞೆ ಒಂದು ಪ್ರಯೋಗ ಮಾಡಿದಾರೆ, ಫಲಿತಾಂಶ 2014ರಲ್ಲಿ ಅಚ್ಚಾಯ್ತು. ಒಂದಷ್ಟು ಜನರನ್ನ ವಸ್ತುಸಂಗ್ರಹಾಲಯಕ್ಕೆ ಕರಕೊಂಡು ಹೋಗಿ, ಕೆಲವು ವಸ್ತುಗಳನ್ನ ಸುಮ್ಮನೆ ನೋಡಿ, ಕೆಲವನ್ನ ಫೋಟೊ ತೆಗೀರಿ ಅಂದ್ರು. ಮಾರನೇ ದಿನ ಕೇಳಿದ್ರೆ, ಫೋಟೊ ತೆಗೆದ ವಸ್ತುಗಳೇ ಕಮ್ಮಿ ನೆನಪಿದ್ವು. ಕ್ಯಾಮೆರಾ ನೋಡ್ಕೊಳ್ಳುತ್ತೆ ಅಂತ ತಲೆ ಕೈಚೆಲ್ಲುತ್ತೆ.

ಮಾವ: ಅಷ್ಟೇನಾ, ಇನ್ನೂ ಇದೆಯಾ?

ಸೊಸೆ: ಇನ್ನೊಂದು ತುಣುಕಿದೆ. ವಸ್ತುವಿನ ಯಾವುದೋ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆಯೋಕೆ ಹೇಳಿದಾಗ ನೆನಪು ಕುಂದಲಿಲ್ಲ. ಚೌಕಟ್ಟಿಗೆ ಬರದ ಭಾಗವೂ ನೆನಪಿತ್ತು.

ಮಾವ: ನಿನ್ನ ಅನುಮಾನಕ್ಕೆ ಉತ್ತರ ನೀನೇ ಹೇಳಿಬಿಟ್ಟೆ. ಮರೆಸೋದು ಕ್ಯಾಮೆರಾ ಅಲ್ಲ, ನೋಡದೆ ಒತ್ತೋದು. ಝೂಮ್ ಮಾಡಬೇಕಾದ್ರೆ ಯಾವ ಭಾಗ ಅಂತ ಆರಿಸಬೇಕು, ಆರಿಸಬೇಕಾದ್ರೆ ನೋಡಲೇಬೇಕು. ಒಂದೇ ಫ್ರೇಮು ಉಳಿದಿದೆ ಅಂದಾಗ ನಾವು ಹಾಗೇ ನೋಡ್ತಿದ್ವಿ. ನಿನ್ನ ಫೋನಲ್ಲಿ ಎಷ್ಟೇ ಜಾಗ ಇರಲಿ, ಒಂದೋ ಎರಡೋ ಒತ್ತು, ಫೋನು ಕೆಳಗಿಡು, ಆಮೇಲೆ ಅವರ ಜೊತೆ ಕೂತು ನೀನೂ ಅವರೆಕಾಯಿ ಸುಲಿ.

ಸೊಸೆ: ನಿಮ್ಮ ಕಡೆಗೇ ವಾಲೋ ಅಧ್ಯಯನವೂ ಅದೇ 2014ರಲ್ಲಿ ಬಂದಿದೆ, ಬಿಟ್ಟರೆ ಅನ್ಯಾಯ ಆಗುತ್ತೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಟಿಂಗ್ ಝಾಂಗ್ ಮತ್ತೆ ಅವರ ಜೊತೆಯವರದ್ದು. ಬೇಸಿಗೆ ಶುರುವಿನಲ್ಲಿ ವಿದ್ಯಾರ್ಥಿಗಳ ಹತ್ರ ಆವತ್ತಿನ ಸಣ್ಣಪುಟ್ಟ ಸಂಗತಿ ಬರೆಸಿದ್ರು. ಯಾರ ಜೊತೆ ಏನು ಮಾತಾಡಿದೆ, ಯಾವ ಹಾಡು ಕೇಳ್ತಿದೀಯ, ಅಂಥವು. ಮೂರು ತಿಂಗಳಾದ ಮೇಲೆ ಇದನ್ನ ಓದೋಕೆ ನಿನಗೆಷ್ಟು ಕುತೂಹಲ ಇರಬಹುದು ಅಂತಲೂ ಕೇಳಿಟ್ಕೊಂಡ್ರು. ಏನು ಮಹಾ ಅಂದವರೇ ಮೂರು ತಿಂಗಳಾದ ಮೇಲೆ ತಾವು ಹೇಳಿದ್ದಕ್ಕಿಂತ ಆಸೆಯಿಂದ ಓದಿದ್ರು. ವಿಶೇಷ ದಿನದ ಖುಷಿಯನ್ನ ಜನ ಸರಿಯಾಗೇ ಊಹಿಸಿದ್ರು, ಮಾಮೂಲಿ ದಿನದ ವಿಷಯದಲ್ಲೇ ಅವರ ಊಹೆ ಕಮ್ಮಿ ಬಿತ್ತು.

ಮಾವ: ಅದನ್ನ ನಾನು ಅಂಗಡಿ ಕೌಂಟರಿನ ಈಚೆ ನಿಂತು ಬೇರೆ ರೀತಿ ನೋಡಿದೀನಿ. ಮನೇಲಿ ಯಾರಾದ್ರೂ ಹೋದಾಗ ತಿಥಿಗೆ ಮೊದಲು ಮಗನೋ ಅಳಿಯನೋ ಬರೋರು. ‘ಅಮ್ಮನ ಫೋಟೊ ದೊಡ್ಡದು ಮಾಡಿಕೊಡಿ, ಹಾರ ಹಾಕ್ಬೇಕು.’ ಕೈಲಿ ಏನಿರೋದು? ವೋಟರ್ ಕಾರ್ಡು. ಆಮೇಲಾಮೇಲೆ ಆಧಾರು. ಇಲ್ಲಾಂದ್ರೆ ಯಾರದ್ದೋ ಮದುವೆಯ ಗ್ರೂಪ್ ಫೋಟೊ, ಹಿಂದಿನ ಸಾಲಲ್ಲಿ ಇನ್ನೊಬ್ಬರ ಭುಜದ ಮರೆಗೆ ಅರ್ಧ ಮುಖ. ಅದನ್ನ ಸ್ಕ್ಯಾನ್ ಮಾಡಿ, ಅಡ್ಡ ಬಂದ ಭುಜ ತೆಗೆದು, ಹಿಂದೆ ನೀಲಿ ಬಣ್ಣ ಕೂರಿಸಿ, ಇನ್ಯಾರದ್ದೋ ಸೀರೆ ತಂದು ಮೈಗೆ ಜೋಡಿಸಿ ಕೊಡ್ತಿದ್ದೆ. ಸೆರಗು ಸೊಂಟಕ್ಕೆ ಸಿಗಿಸಿ ಮೊರ ಹಿಡಿದ ಅಮ್ಮನ್ನ ಜೀವಮಾನವೆಲ್ಲ ಕಂಡ ಮಕ್ಕಳು, ಅವಳು ಒಂದು ದಿನವೂ ಉಡದ ಸೀರೆಯ ಫೋಟೊಗೆ ಕೈಮುಗೀತಿದ್ರು.

ಸೊಸೆ: ಒಂದು ಒಳ್ಳೇ ಫೋಟೊನೂ ಇರ್ತಿರಲಿಲ್ವಾ?

ಮಾವ: ಬಹಳ ಮನೆಗಳಲ್ಲಿ ಇರ್ತಿರಲಿಲ್ಲ. ಫೋಟೊ ತೆಗೆಸಿಕೊಂಡ್ರೆ ಆಯಸ್ಸು ಕಮ್ಮಿಯಾಗುತ್ತೆ ಅಂತ ಹೆದರೋರು ಕೆಲವರು. ‘ನಂದೇನು ಬಿಡಿ, ಮಕ್ಕಳದ್ದು ತೆಗೀರಿ’ ಅಂತ ಪಕ್ಕಕ್ಕೆ ಸರಿಯೋ ಹೆಂಗಸರೇ ಜಾಸ್ತಿ. ಗಂಡಸರದ್ದು ಕಚೇರಿಗೋ ಬ್ಯಾಂಕಿಗೋ ಅಂತ ಒಂದು ಪಾಸ್‌ಪೋರ್ಟ್ ಸೈಜ್ ಆದ್ರೂ ಇರೋದು.

ಸೊಸೆ: ನೀವು ಹೇಳೋದು ನಿಜ. ಅತ್ತೆ ಮೇಲೆ ಫೋನ್ ಎತ್ತಿದ್ರೆ ಸಾಕು, ‘ಬೇಡ ಕಣೇ, ತಲೆ ಬಾಚಿಲ್ಲ, ಹಳೇ ಸೀರೆ’ ಅಂತ ಮುಖ ತಿರುಗಿಸ್ತಾರೆ. ಕದ್ದು ತೆಗೆಯೋದು ತಪ್ಪಲ್ವಾ?

ಮಾವ: ಅವಳಿಗೆ ಹೆದರಿಕೆ ಫೋಟೊ ಮೇಲಲ್ಲ, ಅದು ಯಾರ ಕಣ್ಣಿಗೆ ಬೀಳುತ್ತೆ ಅನ್ನೋದರ ಮೇಲೆ. ಮೊದಲೆಲ್ಲ ಆಲ್ಬಮ್ಮು ಬೀರುವಿನಲ್ಲಿ ಇರ್ತಿತ್ತು, ಬಂದ ನೆಂಟರಲ್ಲಿ ಬೇಕಾದವರಿಗೆ ಮಾತ್ರ ತೆಗೆದು ತೋರಿಸ್ತಿದ್ರು. ಈಗ ಇಲ್ಲಿ ಒತ್ತಿದ್ರೆ ಅರ್ಧ ಗಂಟೆಯಲ್ಲಿ ದುಬೈನಲ್ಲಿರೋ ಅವಳ ತಂಗಿ ಮಗ ಥಂಬ್ಸ್ ಅಪ್ ಕಳಿಸ್ತಾನೆ. ಹಿತ್ತಲಲ್ಲಿ ಕೂತವಳಿಗೆ ಅದು ಬೇಕಿಲ್ಲ. ತೆಗೆದ ಮೇಲೆ ತೋರಿಸು. ಬೇಡ ಅಂದ್ರೆ ಅವಳ ಎದುರಿಗೇ ಅಳಿಸು. ಅವಳನ್ನ ಕೇಳದೆ ಸ್ಟೇಟಸ್ಸಿಗೆ ಹಾಕಬೇಡ. ನಾಲ್ಕು ಸಲ ಹಾಗೆ ನಡ್ಕೊಂಡ್ರೆ ಐದನೇ ಸಲ ನೀನು ಫೋನ್ ಎತ್ತಿದ್ದನ್ನ ಅವಳು ಗಮನಿಸೋದೂ ಇಲ್ಲ.

ಸೊಸೆ: ಮಕ್ಕಳ ವಿಷಯ?

ಮಾವ: ಅಲ್ಲಿ ಇನ್ನೂ ಬಿಗಿ. ಸ್ನಾನದ ಫೋಟೊ, ಅಳೋ ಫೋಟೊ ಊರಿಗೆಲ್ಲ ಹಂಚೋದು ಬೇಡ. ಅವು ನಾಳೆ ದೊಡ್ಡವಾಗ್ತವೆ. ಕಾಯಿಲೆ ಮಲಗಿದವರದ್ದೂ ಹಾಗೇ. ತೆಗೀಬೇಕು ಅನ್ನಿಸಿದ್ರೆ ಕೈ ಹಿಡ್ಕೊಂಡಿರೋದು ತೆಗಿ, ಮುಖಕ್ಕೆ ಹೋಗಬೇಡ.

ಸೊಸೆ: ನಿಮ್ಮ ಕಸುಬಿನ ದೊಡ್ಡವರು ಯಾರಾದ್ರೂ ಹೀಗೆ ಮನೆಮಂದಿಯನ್ನ, ಸಾಮಾನ್ಯ ಜನರನ್ನ ಹಿಡಿದವರು ಇದಾರಾ?

ಮಾವ: ನಮ್ಮ ಮೈಸೂರಿನವರೇ ಟಿ.ಎಸ್. ಸತ್ಯನ್ ಇದ್ದಾರಲ್ಲ. 1923ರಲ್ಲಿ ಹುಟ್ಟಿ 2009ರವರೆಗೆ ಬದುಕಿದ್ದವರು. ಪತ್ರಿಕೆಗಳಿಗೆ ಕೆಲಸ ಮಾಡಿದ್ರು, ದೊಡ್ಡ ದೊಡ್ಡ ಜನರನ್ನ ತೆಗೆದ್ರು. ನನ್ನ ಕಣ್ಣಿಗೆ ನಿಲ್ಲೋದು ಮಾತ್ರ ಅವರ ಮಕ್ಕಳು, ಹಳ್ಳಿ ಜನ, ಬೀದಿಯವರು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಯುನಿಸೆಫ್‌ನವರು ಪ್ರದರ್ಶನಕ್ಕಿಟ್ಟಿದ್ದು ಅವರು ತೆಗೆದ ಮಕ್ಕಳ ಫೋಟೊಗಳನ್ನ. ಯಾವ ಮಂತ್ರಿ ರಿಬ್ಬನ್ ಕತ್ತರಿಸಿದ್ದೂ ಅಲ್ಲ.

ಸೊಸೆ: ಅವರು ಬೇರೆಯವರ ಮಕ್ಕಳನ್ನ ತೆಗೆದ್ರು. ಸ್ವಂತ ಮನೆಯದ್ದು?

ಮಾವ: ಅದಕ್ಕೆ ಉಮ್ರಾವ್ ಸಿಂಗ್ ಶೇರ್‌ಗಿಲ್. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ. ಸಂಸ್ಕೃತ, ಪರ್ಷಿಯನ್ ಓದಿಕೊಂಡ ವಿದ್ವಾಂಸ. ಫೋಟೊ ತೆಗೆದು ಕಾಸು ಮಾಡಿದವರಲ್ಲ. ದಶಕಗಳ ಕಾಲ ತೆಗೆದಿದ್ದು ತನ್ನನ್ನ, ಹೆಂಡತಿಯನ್ನ, ಇಬ್ಬರು ಹೆಣ್ಣುಮಕ್ಕಳನ್ನ. ಪೋಸ್ ಕೊಟ್ಟಿದ್ದೂ ಉಂಟು, ಮನೆಯೊಳಗಿನ ಬಿಡುವಿನ ಹೊತ್ತೂ ಉಂಟು. ಅಮೃತಾ 1941ರಲ್ಲಿ, ಬರೀ 28 ವರ್ಷಕ್ಕೆ ತೀರಿಹೋದ್ರು. ಅವರ ಚಿತ್ರಗಳಿಂದ ಅವರ ಕುಂಚ ಗೊತ್ತಾಗುತ್ತೆ. ಮನೇಲಿ ಹೇಗೆ ಕೂರ್ತಿದ್ರು, ತಂಗಿ ಪಕ್ಕ ಹೇಗೆ ನಿಲ್ತಿದ್ರು ಅಂತ ತಿಳಿಯಬೇಕಾದ್ರೆ ಅಪ್ಪನ ಫೋಟೊಗಳಿಗೇ ಹೋಗಬೇಕು. ಎಷ್ಟೋ ವರ್ಷ ಆದ್ಮೇಲೆ ಮೊಮ್ಮಗ ವಿವಾನ್ ಸುಂದರಂ ಅವನ್ನೇ ಜೋಡಿಸಿ ಹೊಸ ಕಲಾಕೃತಿಗಳನ್ನೇ ಮಾಡಿದ್ರು.

ಸೊಸೆ: ಸರಿ ಮಾವ, ಸೋತೆ. ತೆಗೆಯೋ ಬಗೆ ಹೇಳಿಕೊಡಿ. ನನ್ನ ಫೋಟೊದಲ್ಲಿ ಅಡುಗೆಮನೆಯೆಲ್ಲ ಕತ್ತಲೆ, ಇಲ್ಲಾ ಅತ್ತೆ ಮುಖ ಫ್ಲ್ಯಾಷಿಗೆ ಸುಣ್ಣ ಬಳಿದ ಹಾಗೆ.

ಮಾವ: ಮೊದಲು ಫ್ಲ್ಯಾಷ್ ಆರಿಸು. ಅದು ಬಿದ್ರೆ ನೆರಳೆಲ್ಲ ಸತ್ತುಹೋಗುತ್ತೆ, ಕೂತವರೂ ಎಚ್ಚೆತ್ತುಬಿಡ್ತಾರೆ. ಕಿಟಕಿ ಯಾವ ಕಡೆ ಇದೆ ನೋಡು. ಕಿಟಕಿ ಅವರ ಪಕ್ಕಕ್ಕೆ ಬರಬೇಕು, ಬೆನ್ನ ಹಿಂದೆ ಬಂದ್ರೆ ಮುಖ ಕಪ್ಪಾಗುತ್ತೆ. ಅವರನ್ನ ಎಬ್ಬಿಸಿ ಜಾಗ ಬದಲಾಯಿಸಬೇಡ, ನೀನೇ ಎರಡು ಹೆಜ್ಜೆ ಸರಿ. ಬೆಳಗ್ಗೆ ಹೊತ್ತು ನಮ್ಮ ಅಡುಗೆಮನೆಗೆ ಬರೋ ಬೆಳಕನ್ನ ಯಾವ ಸ್ಟುಡಿಯೊ ಲೈಟೂ ಕೊಡಲ್ಲ.

ಸೊಸೆ: ನಗಿಸಬೇಕಾ?

ಮಾವ: ‘ಸ್ಮೈಲ್’ ಅಂದ ಕೂಡಲೇ ಮುಖಕ್ಕೆ ಒಂದು ಬೀಗ ಬೀಳುತ್ತೆ, ಅನ್ನಬೇಡ. ಮಗು ಜೊತೆ ನೀನೂ ನೆಲಕ್ಕೆ ಕೂರು. ನಿಂತು ಮೇಲಿಂದ ತೆಗೆದ್ರೆ ನೆತ್ತಿ ಬರುತ್ತೆ, ಮುಖ ಬರಲ್ಲ. ಅತ್ತೆ ಕೆಲಸದಲ್ಲಿ ಮುಳುಗೋವರೆಗೂ ಕಾಯಿ. ಕೈ ಮರೀಬೇಡ. ಹಪ್ಪಳ ಲಟ್ಟಿಸೋ ಕೈ, ಹೂ ಕಟ್ಟೋ ಬೆರಳು, ಜಡೆ ಹೆಣೆಯೋವಾಗ ಬಾಯಲ್ಲಿ ಕಚ್ಚಿಕೊಂಡ ರಿಬ್ಬನ್ನು. ಮುಖ ಪಾಸ್‌ಪೋರ್ಟ್ ಫೋಟೊದಲ್ಲೂ ಸಿಗುತ್ತೆ, ಕೈ ಸಿಗಲ್ಲ. ಮತ್ತೆ, ಹಿಂದೆ ಬಟ್ಟೆ ರಾಶಿ ಬಿದ್ದಿದೆ ಅಂತ ಎತ್ತಿಡೋಕೆ ಹೋಗಬೇಡ. ಗೂಡಿನ ಬುಡ್ಡಿ ಹೇಗೆ ಬಂತೋ ಆ ರಾಶಿಯೂ ಹಾಗೇ ಬರಲಿ.

ಸೊಸೆ: ಇದೆಲ್ಲ ಆದ್ಮೇಲೆ ಫೋನು ಕೆಟ್ಟರೆ, ಕಳೆದುಹೋದ್ರೆ?

ಮಾವ: ಅದನ್ನೇ ಹೇಳೋಕೆ ಕಾಯ್ತಿದ್ದೆ. ನಮ್ಮ ಅಟ್ಟದ ಡಬ್ಬಿಯಲ್ಲಿ ಸಿಕ್ಕ ಕಪ್ಪು ಬಿಳುಪು ಪ್ರಿಂಟುಗಳು ಇವತ್ತಿಗೂ ಗಟ್ಟಿ, ಅವುಗಳಲ್ಲಿರೋದು ಬೆಳ್ಳಿ. ಆಮೇಲೆ ಬಂದ ಕಲರ್ ಪ್ರಿಂಟುಗಳು ನೋಡು, ಹಸಿರು ನೀಲಿ ಹಾರಿಹೋಗಿ ಮದುವೆ ಮನೆಯೆಲ್ಲ ಕೆಂಪಾಗಿ ಕೂತಿದೆ. ನಿಮ್ಮ ಕಾಲದ್ದಕ್ಕೆ ಬೇರೆ ಕಾಯಿಲೆ. ಬಣ್ಣ ಹೋಗಲ್ಲ, ಫೈಲೇ ಹೋಗುತ್ತೆ.

ಸೊಸೆ: ಕ್ಲೌಡ್‌ಗೆ ಹಾಕಿದೀನಲ್ಲ.

ಮಾವ: ಹಾಕು, ಜೊತೆಗೆ ಮನೇಲಿ ಒಂದು ಹಾರ್ಡ್ ಡಿಸ್ಕಿಗೂ ಹಾಕು. ಎರಡು ಕಡೆ ಇಲ್ಲದ್ದು ಇದೆ ಅಂತ ಲೆಕ್ಕಕ್ಕೆ ಬರಲ್ಲ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಕಳಿಸೋ ಹಾಗೆ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ, ದೊಡ್ಡದು ಮಾಡೋಕೆ ಬಂದವರ ಅಂಥ ಫೋಟೊ ಸ್ಕ್ರೀನಿನಲ್ಲಿ ಚೌಕ ಚೌಕ ಒಡೆಯೋದು. ಪೂರ್ತಿ ಬೇಕಾದ್ರೆ ಡಾಕ್ಯುಮೆಂಟ್ ಅಂತ ಕಳಿಸಬೇಕು. ಅದಕ್ಕಿಂತ ಮುಖ್ಯ, ವರ್ಷಕ್ಕೊಮ್ಮೆ ಕೂತು ಆರಿಸು. ತಿಂಗಳಿಗೆ ಒಂದು ಅಂತ ವರ್ಷಕ್ಕೆ 12 ಸಾಕು. ಕ್ಲಿಕ್ ತ್ರೀ ರೋಲಿನಷ್ಟೇ. ಸ್ಟುಡಿಯೊಗೆ ಕೊಟ್ಟು ಫೋಟೊ ಪೇಪರಿನ ಮೇಲೆ ಪ್ರಿಂಟ್ ಹಾಕಿಸು.

ಸೊಸೆ: ಲ್ಯಾಮಿನೇಶನ್?

ಮಾವ: ಬೇಡ, ಒಂದು ಸಲ ಹಾಕಿದ್ರೆ ಬಿಡಿಸೋಕಾಗಲ್ಲ. ಅಂಟು ಬಳಿದ ಹಾಳೆಯ ಆಲ್ಬಮ್ಮೂ ಬೇಡ, ಆ ಅಂಟೇ ಫೋಟೊವನ್ನ ಹಳದಿ ಮಾಡುತ್ತೆ. ಜೇಬಿನ ಹಾಗೆ ಸಿಗಿಸೋ ಆಲ್ಬಮ್ಮು ತಗೋ. ಮಳೆಗಾಲದ ಥಂಡಿ ಗೋಡೆಗೆ ತಾಗಿಸಿ ಇಡಬೇಡ, ಬೂಷ್ಟು ಹಿಡಿಯುತ್ತೆ. ಪ್ರಿಂಟಿನ ಹಿಂದೆ ಮೆತ್ತನೆ ಪೆನ್ಸಿಲಲ್ಲಿ ಯಾರು, ಎಲ್ಲಿ, ಯಾವ ವರ್ಷ ಅಂತ ಬರಿ. ಬಾಲ್ ಪೆನ್ ಒತ್ತಿ ಬರೆದ್ರೆ ಮುಖದ ಮೇಲೆ ಬರೆ ಮೂಡುತ್ತೆ.

ಸೊಸೆ: ಮನೆಯವರ ಹೆಸರನ್ನೂ ಬರೀಬೇಕಾ? ಎಲ್ಲರಿಗೂ ಗೊತ್ತಿರೋದೇ.

ಮಾವ: ನಿನಗೆ ಗೊತ್ತು. ನಿನ್ನ ಮೊಮ್ಮಗಳಿಗೆ? ಆ ಆಲ್ಬಮ್ಮಿನ ಮೊದಲ ಹಾಳೆ ತೆಗಿ. ಪೇಟ ಸುತ್ತಿದ ಮೂರು ಜನ ನಿಂತಿದಾರೆ. ಮಧ್ಯದವರು ನನ್ನ ತಾತ. ಆಚೆ ಈಚೆಯವರು ಯಾರು ಅಂತ ನಮ್ಮಪ್ಪನಿಗೆ ಗೊತ್ತಿತ್ತು. ಅಪ್ಪ ಹೋದ್ರು, ಅವರ ಜೊತೆ ಆ ಎರಡು ಹೆಸರೂ ಹೋದ್ವು. ಫೋಟೊ ಚೆನ್ನಾಗೇ ಇದೆ, ಬೆಳ್ಳಿ ಮಾಸಿಲ್ಲ. ಆದ್ರೆ ಆ ಇಬ್ಬರು ನಮಗೆ ಯಾರೂ ಅಲ್ಲ ಈಗ.

ಸೊಸೆ: ಅತ್ತೆಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ಉಳಿದದ್ದಕ್ಕೆಲ್ಲ ಹೆಸರು ಬರೆಸಿಬಿಡ್ತೀನಿ. ಅವರಿಗೆ ಎಲ್ಲರ ಸಂಬಂಧವೂ ಬಾಯಲ್ಲೇ ಇದೆ.

ಮಾವ: ಇವತ್ತೇ ಬರೆಸು. ಇನ್ನೊಂದು ಕೇಳ್ತೀನಿ. ನಿನ್ನ ಫೋನಲ್ಲಿ ಎಲ್ಲರೂ ಇದೀವಿ. ನೀನೆಲ್ಲಿ?

ಸೊಸೆ: ತೆಗೆಯೋಳು ನಾನೇ ಅಲ್ವಾ. ಸೆಲ್ಫಿಗಳಿವೆ.

ಮಾವ: ಸೆಲ್ಫಿ ಅಂದ್ರೆ ನೀನೇ ಹಿಡಿದ ಸ್ಟುಡಿಯೊ ಪರದೆ, ಅದರಲ್ಲಿ ಎಲ್ಲರೂ ಕ್ಯಾಮೆರಾನೇ ನೋಡ್ತಾರೆ. ಮಗೂಗೆ ಅನ್ನ ಕಲಸೋವಾಗ, ಲ್ಯಾಪ್‌ಟಾಪ್ ಮುಂದೆ ಹುಬ್ಬು ಗಂಟಿಕ್ಕಿ ಕೂತಾಗ, ಅತ್ತೆ ಜೊತೆ ಜಗಳ ಆಡೋವಾಗ ತೆಗೆದ ಒಂದೇ ಒಂದು ಇದೆಯಾ? ನಾನು ತೆಗೀತಿದ್ದಷ್ಟು ಕಾಲ ಈ ಮನೆ ಆಲ್ಬಮ್ಮಿನಲ್ಲಿ ನಾನಿಲ್ಲ. ತೆಗೆಯೋರು ಯಾವ ಮನೇಲೂ ಇರಲ್ಲ. ಎಲ್ಲರನ್ನೂ ಹೆಚ್ಚಾಗಿ ನೋಡಿದವರೇ ಕಾಣೆ.

ಸೊಸೆ: ಇವರ ಕೈಗೆ ಫೋನ್ ಕೊಟ್ರೆ ತಲೆ ಕತ್ತರಿಸಿಬಿಡ್ತಾರೆ ಮಾವ.

ಮಾವ: ಕತ್ತರಿಸಲಿ, ಮಸುಕಾಗಲಿ, ಪರವಾಗಿಲ್ಲ. ನೀನು ಅದರಲ್ಲಿ ಇರಬೇಕು, ಅಷ್ಟೇ. ಅವನಿಗೂ ಹೇಳು, ನೆರೆಮನೆಯವರಿಗೂ ಹೇಳು. ಮನೇಲಿ ಸದಾ ಫೋಟೊ ತೆಗೆಯೋರು ಯಾರಿದ್ದಾರೋ, ಈ ವಾರ ಅವರಿಗೆ ತಿಳಿಸದೆ, ಅವರ ಕೆಲಸದ ನಡುವೆ ಅವರದ್ದೊಂದು ತೆಗೀರಿ. ಆಮೇಲೆ ಅವರಿಗೆ ತೋರಿಸಿ, ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ವರ್ಷ ಬರೆದಿಡಿ.